ಸರಾಸರಿ ಒಂದೇ, ಬಸ್ಸು ಬೇರೆ

ನಮ್ಮ ಕಾಲೇಜಿಗೆ ಸಿದ್ದಾಪುರದ ಕಡೆಯಿಂದ ಬರುವವರೂ ಇದ್ದಾರೆ, ಯಲ್ಲಾಪುರದ ಕಡೆಯಿಂದ ಬರುವವರೂ ಇದ್ದಾರೆ. ಮಳೆಗಾಲದಲ್ಲಿ ಇಬ್ಬರ ಮಾತೂ ಬಸ್ಸಿನದೇ. ಸಂಖ್ಯಾಶಾಸ್ತ್ರದ ತರಗತಿಯಲ್ಲಿ ವೇರಿಯನ್ಸ್ ಪಾಠ ಬಂದಾಗ ನನಗೆ ಮೊದಲು ನೆನಪಾದದ್ದೂ ಅದೇ.

ಎರಡು ಬಸ್ಸುಗಳನ್ನು ಊಹಿಸಿಕೊಳ್ಳಿ. ಅಂಕಿಗಳು ಲೆಕ್ಕಕ್ಕಾಗಿ ನಾನೇ ಇಟ್ಟುಕೊಂಡವು. ಬೆಳಿಗ್ಗೆ 9 ಗಂಟೆಯ ನಂತರ ಎಷ್ಟು ನಿಮಿಷಕ್ಕೆ ಗೇಟು ತಲುಪಿದೆವು ಎಂದು ಆರು ದಿನ ಬರೆದಿಟ್ಟಿದ್ದೇವೆ. ಸಿದ್ದಾಪುರದ ಬಸ್ಸು: 20, 22, 21, 19, 20, 18. ಯಲ್ಲಾಪುರದ ಬಸ್ಸು: 8, 36, 12, 34, 10, 20. ಕೂಡಿಸಿ ನೋಡಿ, ಎರಡರದ್ದೂ 120. ಸರಾಸರಿ 20 ನಿಮಿಷ. ಗಂಟೆ ಹೊಡೆಯುವುದು 9.30ಕ್ಕೆ ಎಂದಾದರೆ, ಸರಾಸರಿಯ ಪ್ರಕಾರ ಯಾರೂ ತಡವಾಗಿ ಬಂದಿಲ್ಲ! ಆದರೆ ಎರಡನೆಯ ಬಸ್ಸಿನವರು ಆರರಲ್ಲಿ ಎರಡು ದಿನ ಮೊದಲ ಪಿರಿಯಡ್ ಕಳೆದುಕೊಂಡರು. ವರ್ಷವಿಡೀ ಹೀಗೇ ನಡೆದು, ಮೊದಲ ಪಿರಿಯಡ್ ಯಾವಾಗಲೂ ಒಂದೇ ವಿಷಯದ್ದಾಗಿದ್ದರೆ, ಆ ವಿಷಯದ ಹಾಜರಾತಿ ಸುಮಾರು 67 ಶೇಕಡಾ. ಪರೀಕ್ಷೆಗೆ ಕೂರಲು ಬೇಕಾದದ್ದು 75.

ಸರಾಸರಿ ಮುಚ್ಚಿಟ್ಟ ಈ ಏರುಪೇರನ್ನು ವೇರಿಯನ್ಸ್ ಹೊರಗೆ ಎಳೆಯುತ್ತದೆ. ಪ್ರತಿ ದಿನದ ಅಂಕಿಯಿಂದ ಸರಾಸರಿಯನ್ನು ಕಳೆಯಿರಿ, ಬಂದದ್ದನ್ನು ವರ್ಗ ಮಾಡಿ, ಎಲ್ಲ ಕೂಡಿಸಿ, ದಿನಗಳ ಸಂಖ್ಯೆಯಿಂದ ಭಾಗಿಸಿ. ವರ್ಗ ಏಕೆಂದರೆ, ಹಾಗೇ ಕೂಡಿಸಿದರೆ ಧನ ಋಣ ಎರಡೂ ಹೊಡೆದುಕೊಂಡು ಸೊನ್ನೆಯೇ ಉಳಿಯುತ್ತದೆ. ಸಿದ್ದಾಪುರಕ್ಕೆ ವರ್ಗಗಳ ಮೊತ್ತ 10, ಆರರಿಂದ ಭಾಗಿಸಿದರೆ 1.67. ಯಲ್ಲಾಪುರಕ್ಕೆ 760, ಅಂದರೆ 126.67. ಇದು ನಿಮಿಷಗಳ ವರ್ಗ. ವರ್ಗಮೂಲ ತೆಗೆದರೆ ಮಾನಕ ವಿಚಲನೆ ಸಿಗುತ್ತದೆ, ಒಂದಕ್ಕೆ ಸುಮಾರು 1.3 ನಿಮಿಷ, ಇನ್ನೊಂದಕ್ಕೆ 11.3.

ಎಕ್ಸೆಲ್‌ನಲ್ಲಿ ಇಷ್ಟೆಲ್ಲಾ ಬೇಡ. ಅಂಕಿಗಳನ್ನು ಬಿ2ರಿಂದ ಬಿ7ರವರೆಗೆ ತುಂಬಿ, ಖಾಲಿ ಕೋಶದಲ್ಲಿ =ವಿಎಆರ್.ಪಿ(ಬಿ2:ಬಿ7) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. 2010ಕ್ಕಿಂತ ಹಿಂದಿನ ಎಕ್ಸೆಲ್ ಇದ್ದರೆ ನಡುವಿನ ಚುಕ್ಕಿ ಬಿಟ್ಟು ವಿಎಆರ್‌ಪಿ. ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಎರಡೂ ನಡೆಯುತ್ತವೆ.

ಕೊನೆಯ 'ಪಿ' ಅಕ್ಷರವೇ ಇಲ್ಲಿ ಮುಖ್ಯ. ಅದು ಪಾಪ್ಯುಲೇಶನ್, ಅಂದರೆ ಸಮಷ್ಟಿ. ಜನಸಂಖ್ಯೆ ಎಂದು ತಿಳಿಯಬೇಡಿ. ನಮ್ಮ ಪ್ರಶ್ನೆಗೆ ಸೇರಿದ ಎಲ್ಲ ಅಂಕಿಗಳೂ ಕೈಯಲ್ಲಿವೆ ಎಂದರ್ಥ. ಉತ್ತರ ಕನ್ನಡದ 12 ತಾಲ್ಲೂಕುಗಳ ಅಂಕಿಗಳೂ ಇದ್ದು, ಕೇಳುವುದು ಈ ಜಿಲ್ಲೆಯ ಬಗ್ಗೆ ಮಾತ್ರವಾದರೆ ವಿಎಆರ್.ಪಿ ಸರಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರನ್ನೇ ಆರಿಸಿ ಇಡೀ ಜಿಲ್ಲೆಯ ಬಗ್ಗೆ ಹೇಳಹೊರಟರೆ ಅದು ಮಾದರಿ, ಆಗ ವಿಎಆರ್.ಎಸ್ ಬೇಕು. ಅದು ಒಂದು ಕಡಿಮೆ ಮಾಡಿ ಭಾಗಿಸುತ್ತದೆ. ನಮ್ಮ ಬಸ್ಸಿನಲ್ಲಿ ಆರರ ಬದಲು ಐದು, ಉತ್ತರ 152. ಆರು ದಿನಗಳ ಸರಾಸರಿ ಆ ಆರು ಅಂಕಿಗಳ ನಡುವೆಯೇ ಕೂರುವುದರಿಂದ ವರ್ಗಗಳ ಮೊತ್ತ ಚಿಕ್ಕದಾಗಿ ಬರುತ್ತದೆ; ಚಿಕ್ಕ ಸಂಖ್ಯೆಯಿಂದ ಭಾಗಿಸಿ ಆ ಕೊರತೆ ತುಂಬುತ್ತೇವೆ. ಹಾಗಾಗಿ ಕಳೆದ ವಾರದ ಏರುಪೇರು ಕೇಳಿದರೆ ವಿಎಆರ್.ಪಿ, ವರ್ಷದ ಹಾಜರಾತಿಯನ್ನು ಅಂದಾಜಿಸುವುದಾದರೆ ವಿಎಆರ್.ಎಸ್. ಪ್ರಾಜೆಕ್ಟ್ ಬರೆಯುವಾಗ ಯಾವುದನ್ನು ಬಳಸಿದ್ದೀರಿ, ಏಕೆ ಎಂದು ಒಂದು ಸಾಲು ಬರೆದಿಡಿ.

ವೇರಿಯನ್ಸ್ ಎಂಬ ಹೆಸರನ್ನು 1918ರಲ್ಲಿ ಬಳಕೆಗೆ ತಂದವರು ರೊನಾಲ್ಡ್ ಫಿಶರ್. ಅವರ ಬಳಿ ಕೇಂಬ್ರಿಡ್ಜ್‌ನಲ್ಲಿ ಪಿಎಚ್.ಡಿ. ಮಾಡಿದ ಸಿ.ಆರ್. ರಾವ್ ಹುಟ್ಟಿದ್ದು ನಮ್ಮದೇ ರಾಜ್ಯದ ಹೂವಿನಹಡಗಲಿಯಲ್ಲಿ, 1920ರಲ್ಲಿ.

ಇನ್ನೊಂದು ವಿಷಯ. ರಜೆಯ ದಿನದ ಕೋಶವನ್ನು ಖಾಲಿ ಬಿಡಿ, ಅಥವಾ 'ರಜೆ' ಎಂದು ಬರೆಯಿರಿ, ವಿಎಆರ್.ಪಿ ಅದನ್ನು ಬಿಟ್ಟು ಲೆಕ್ಕ ಮಾಡುತ್ತದೆ. 0 ಹಾಕಿದರೆ ಮಾತ್ರ, ಅಂದು ನೀವು ಸರಿಯಾಗಿ 9ಕ್ಕೇ ಗೇಟಿನಲ್ಲಿದ್ದಿರಿ ಎಂದು ನಂಬಿಬಿಡುತ್ತದೆ.