ಮನೆ ಮಾರುವ ಮುನ್ನ

ಕಮತಗಿಯ ನಮ್ಮ ಹಳೆಯ ಮಣ್ಣಿನ ಮಾಳಿಗೆ ಮನೆಯನ್ನು ಮಾರಬೇಕಾಗಿ ಬಂತು. ಹೆಚ್ಚು ಖರ್ಚಿಲ್ಲದೆ ಏನೇನು ಸರಿಮಾಡಬಹುದೆಂದು ಮೊಮ್ಮಗಳೂ ನಾನೂ ಕೂತು ಪಟ್ಟಿ ಬರೆದೆವು.

ಮೊದಲನೆಯದು ತೊಟ್ಟಿಕ್ಕುವ ನಲ್ಲಿ. ಸೆಕೆಂಡಿಗೆ ಒಂದು ಹನಿಯಾದರೆ ದಿನಕ್ಕೆ 86,400 ಹನಿ. ಸುಮಾರು 20 ಹನಿಗೆ 1 ಮಿಲಿಲೀಟರ್ ಎಂದು ಹಿಡಿದರೂ 4 ಲೀಟರಿಗಿಂತ ಹೆಚ್ಚು ನೀರು! ಲೆಕ್ಕ ಅವಳದೇ. ವಾಷರ್ ಬದಲಿಸಿದೆವು, ಹನಿ ನಿಂತಿತು. ಕಿರುಗುಟ್ಟುವ ಬಾಗಿಲಿಗೆ ಎಣ್ಣೆ, ಅಡುಗೆಮನೆಗೆ ಹೊಸ ಬಲ್ಬು, ಗೋಡೆಗೆ ಸುಣ್ಣ. ಸುಣ್ಣದ ಹರಳಿಗೆ ನೀರು ಬಿದ್ದರೆ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಅಪಾಯ. ಮಕ್ಕಳೇ, ಆ ಕೆಲಸ ದೊಡ್ಡವರಿಗೇ ಬಿಡಿ.

ಪಡಸಾಲೆಯ ಮೂಲೆಯಲ್ಲಿ ಮಾಳಿಗೆ ಸೋರಿದ ಕಲೆಯಿತ್ತು.

"ಅಜ್ಜಾ, ಅದರ ಮ್ಯಾಲೂ ಸುಣ್ಣ ಬಳದ್ರ ಕಾಣಂಗಿಲ್ಲ" ಅಂದಳು.

"ಮಳಿ ಬಂದ್ರ ಕಾಣತೈತಲ್ಲ ಯವ್ವಾ. ಆಗ ಅದರ ಕೆಳಗ ಮಲಗಾವ್ರು ಯಾರು?"

ಅವಳು ಸುಮ್ಮನಾದಳು. ಮರುದಿನ ಆಳು ಕರೆಸಿ ಮಾಳಿಗೆಯ ಹುಲ್ಲು ಕೀಳಿಸಿದೆ, ಮಣ್ಣು ಹಾಕಿಸಿ ಬಡಿಸಿದೆ, ನೀರು ಹರಿಯುವ ದಾರಿ ಬಿಡಿಸಿದೆ. ಕೊಳ್ಳುವವರು ಬಂದಾಗ ಆ ಮೂಲೆಯನ್ನು ಮೊದಲು ತೋರಿಸಿದವಳು ಮೊಮ್ಮಗಳೇ. ಅವರು ಬೆಲೆ ತುಸು ಇಳಿಸಿದರು. ಬ್ಯಾಂಕಿನಲ್ಲಿ ಆಯುಷ್ಯವೆಲ್ಲ ಲೆಕ್ಕ ಬರೆದ ನನಗೆ ಅದು ನಷ್ಟವೆನಿಸಲಿಲ್ಲ.

ಇಂದಿಗೂ ಆ ಬಾಗಿಲ ಮುಂದೆ ಹಾದರೆ, ಒಳಗೆ ಕರೆದು ಚಹಾ ಕೊಡುತ್ತಾರೆ.