ಪಿಕಪ್ ಹಿಂದೆ ಟ್ರೇಲರ್: ಗಾಳಿಚೀಲ ಬೆನ್ನೆತ್ತುತ್ತೆ, ಹೊರೆ ಇಳಿಸಲ್ಲ

ನಂಜನಗೂಡು ತಾಲೂಕು ಅಂದ ಕೂಡಲೆ ಎಲ್ಲರಿಗೂ ಕಪಿಲಾ ನದಿ, ಗದ್ದೆ ಬಯಲು, ರಸಬಾಳೆ ನೆನಪಾಗುತ್ತೆ. ನಮ್ಮದು ಹಾಗಲ್ಲ. ಕೌಲಂದೆ ಕಡೆಯ ಬೆದ್ದಲು. ಮಳೆ ಬಂದರೆ ಹುರುಳಿ, ಜೋಳ, ಹತ್ತಿ. ಬರದಿದ್ದರೆ ಆಕಾಶ ನೋಡ್ಕೊಂಡು ಕೂರೋದು. 2022ರಲ್ಲಿ ಧೈರ್ಯ ಮಾಡಿ 60 ತೆಂಗಿನ ಸಸಿ ನೆಟ್ಟೆ. ಮಾರನೇ ವರ್ಷವೇ ಬರ ಬಂತು. 2024ರ ಬೇಸಿಗೆಗೆ ನಮ್ಮ ಬೋರು ಗಾಳಿ ಉಗುಳೋಕೆ ಶುರುಮಾಡಿತು. ಮೂರು ಕಿಲೋಮೀಟರ್ ದೂರದ ನೆಂಟರ ಬೋರಿನಿಂದ ನೀರು ಹೊತ್ತು ತಂದು ಸಸಿ ಉಳಿಸಿಕೊಳ್ಳಬೇಕಾಯ್ತು. ಸಸಿಗೆ 15 ಲೀಟರ್ ಅಂದ್ರೂ ಒಂದು ಸುತ್ತಿಗೆ 900 ಲೀಟರ್ ನೀರು.

ತಮ್ಮನ ಮಗನ ಹತ್ತಿರ ಒಂದು ಪಿಕಪ್ ಇದೆ. ಟಿ. ನರಸೀಪುರದ ಕಡೆಯ ರೈತರೊಬ್ಬರಿಂದ ಹಳೇ ಎರಡು ಚಕ್ರದ ಟ್ರೇಲರ್ ಕೊಂಡು, ಅದರ ಮೇಲೆ 1000 ಲೀಟರ್ ಟ್ಯಾಂಕ್ ಕೂರಿಸಿದೆವು. ಈ ಟ್ರೇಲರಿನಿಂದ ನಾನು ಕಲಿತ ಪಾಠವನ್ನೇ ಇಲ್ಲಿ ಬರೀತಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ, ಓದಿದ್ದು ಏಳನೇ ಕ್ಲಾಸು. ಆದರೆ ಗಾಡಿ ಹೊಡೆದವನು. ಕೊನೆಗೆ ಆ ಗಾಡಿ ವಿದ್ಯೆಯೇ ಕೈಹಿಡಿಯಿತು.

ಆದ ಅನಾಹುತ

ಪಿಕಪ್ಪಿನ ಬಾಡಿಯಲ್ಲಿ 200 ಲೀಟರಿನ ನಾಲ್ಕು ಡ್ರಮ್ ನೀರು, ಹಿಂದೆ ಟ್ರೇಲರಿನಲ್ಲಿ ಟ್ಯಾಂಕ್ ತುಂಬ ನೀರು. ಡ್ರಮ್ಮುಗಳನ್ನು ಇಳಿಸೋಕೆ ಸುಲಭ ಅಂತ ಹಿಂಬಾಗಿಲ ಪಕ್ಕಕ್ಕೇ ನಿಲ್ಲಿಸಿದ್ದ. ಪಿಕಪ್ಪಿನ ಹಿಂಭಾಗ ಕೂತು, ಮೂತಿ ಮೇಲಾಯ್ತು. ಹುಡುಗ ನೋಡಿದ. "ದೊಡ್ಡಪ್ಪ, ಟ್ರೇಲರ್ ಭಾರ ಹುಕ್ಕಿನ ಮೇಲೆ ಬಿದ್ದು ಹಿಂದು ಕೂತಿದೆ. ಟ್ಯಾಂಕ್ ಹಿಂದಕ್ಕೆ ತಳ್ಳಿದ್ರೆ ಸರಿಹೋಗುತ್ತೆ" ಅಂದ. ನನಗೂ ಹೌದೆನ್ನಿಸಿತು. ನೀರು ತುಂಬೋ ಮೊದಲೇ ಟ್ಯಾಂಕನ್ನು ಹಿಂದಕ್ಕೆ ಸರಿಸಿ ಕಟ್ಟಿದೆವು. ಪಿಕಪ್ಪಿನ ಹಿಂಭಾಗ ಸ್ವಲ್ಪ ಎದ್ದಿತು. ಇಬ್ಬರಿಗೂ ಸಮಾಧಾನ.

ಕೆರೆ ಏರಿ ದಾಟಿದ ಮೇಲೆ ಇಳಿಜಾರು ಇದೆ. ಅಲ್ಲಿ ವೇಗ ಹೆಚ್ಚಾಗ್ತಿದ್ದ ಹಾಗೆ ಟ್ರೇಲರ್ ಹಾವಿನ ಬಾಲದ ಥರ ಎಡಕ್ಕೊಂದು ಸಲ, ಬಲಕ್ಕೊಂದು ಸಲ ಬಡಿಯೋಕೆ ಹತ್ತಿತು. ಪಿಕಪ್ಪಿನ ಹಿಂಭಾಗವನ್ನೂ ಜೊತೆಗೆ ಎಳೀತಿತ್ತು. ಹುಡುಗ ಗಾಬರಿಯಾಗಿ ಬ್ರೇಕ್ ತುಳಿದ. ಟ್ರೇಲರ್ ಅಡ್ಡ ತಿರುಗಿ ಹುಕ್ಕು ಕಿತ್ಕೊಂಡು ಚರಂಡಿಗೆ ಬಿತ್ತು. ಟ್ಯಾಂಕ್ ಒಡೆದು ನೀರೆಲ್ಲ ಮಣ್ಣುಪಾಲು. ಅದು ಬಿದ್ದ ಜಾಗಕ್ಕೆ ಹತ್ತು ಮಾರು ದೂರದಲ್ಲಿ ಒಬ್ಬ ಹುಡುಗ ಆಡು ಮೇಯಿಸ್ತಾ ನಿಂತಿದ್ದ. ಆ ಹತ್ತು ಮಾರು ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತೆ.

ಗಾಳಿಚೀಲದ ಮಾತು

ರಿಪೇರಿಗೆ ಹೋದಾಗ ಗ್ಯಾರೇಜಿನವರು, "ಯಜಮಾನ್ರೇ, ಪ್ಲೇಟು ಕೂತಿದೆ. ಗಾಳಿಚೀಲ ಹಾಕಿಸಿಬಿಡಿ, ಹಿಂದು ಕೂರೋದೇ ಇಲ್ಲ" ಅಂದರು. ಖರ್ಚು ಮಾಡೋ ಮೊದಲು ಅದು ಏನು, ಹೇಗೆ ಕೆಲಸ ಮಾಡುತ್ತೆ ಅಂತ ಬಿಡಿಸಿ ಕೇಳಿ ತಿಳಿದುಕೊಂಡೆ.

ನಮ್ಮ ಕಡೆ ಓಡಾಡುವ ಪಿಕಪ್ಪುಗಳಿಗೆ ಹಿಂದೆ ಕಮಾನು ಪ್ಲೇಟು ಇರುತ್ತೆ. ಭಾರ ಬಿದ್ದಷ್ಟೂ ಪ್ಲೇಟು ಬಗ್ಗುತ್ತೆ, ಗಾಡಿ ಕೂರುತ್ತೆ. ಗಾಳಿಯ ವ್ಯವಸ್ಥೆಯಲ್ಲಿ ಪ್ಲೇಟಿನ ಬದಲು ರಬ್ಬರಿನ ಗಟ್ಟಿ ಚೀಲ ಇರುತ್ತೆ. ಇದು ನೋಡಬೇಕಾದರೆ ಮೈಸೂರು ಬಸ್ ನಿಲ್ದಾಣಕ್ಕೆ ಬರುವ ಐರಾವತ ಬಸ್ಸಿನ ಚಕ್ರದ ಹತ್ತಿರ ಬಗ್ಗಿ ನೋಡಿ. ಆ ವೋಲ್ವೋ ಬಸ್ಸುಗಳು ನಮ್ಮ ದೇಶಕ್ಕೆ ಬಂದಿದ್ದು 2001ರಲ್ಲಿ. ಅವು ಗಾಳಿಚೀಲದ ಮೇಲೆ ನಿಂತಿರುತ್ತವೆ.

ತಾನಾಗಿ ಮಟ್ಟ ಮಾಡಿಕೊಳ್ಳುವ ಗುಟ್ಟು ಒಂದು ಸಣ್ಣ ಕವಾಟದಲ್ಲಿದೆ. ಕವಾಟ ಚಾಸಿಗೆ ಕೂತಿರುತ್ತೆ. ಅದರ ಕೈ ಒಂದು ಕಡ್ಡಿಯ ಮೂಲಕ ಅಚ್ಚಿಗೆ ಸೇರಿರುತ್ತೆ. ಭಾರ ಹೇರಿದಾಗ ಚಾಸಿ ಅಚ್ಚಿನ ಕಡೆ ಇಳಿಯುತ್ತೆ, ಕವಾಟದ ಕೈ ಮೇಲಕ್ಕೆ ಹೋಗುತ್ತೆ, ಕಂಪ್ರೆಸರ್ ಕಟ್ಟಿಟ್ಟ ಗಾಳಿ ಚೀಲಕ್ಕೆ ನುಗ್ಗುತ್ತೆ. ಗಾಡಿ ಮೊದಲಿನ ಎತ್ತರಕ್ಕೆ ಬಂದ ಕೂಡಲೆ ಕವಾಟ ಮುಚ್ಚಿಕೊಳ್ಳುತ್ತೆ. ಭಾರ ಇಳಿಸಿದರೆ ಹಿಂದುಮುಂದಾಗಿ ಗಾಳಿ ಹೊರಗೆ ಹೋಗುತ್ತೆ. ತೊಟ್ಟಿಯಲ್ಲಿ ತೇಲುಗುಂಡು ನೀರಿನ ಮಟ್ಟ ಕಾಯುವ ಹಾಗೆ ಇದು ಗಾಡಿಯ ಮಟ್ಟ ಕಾಯುತ್ತೆ. ಹೊಸ ಗಾಡಿಗಳಲ್ಲಿ ಈ ಕೆಲಸವನ್ನು ಸೆನ್ಸರ್ ಮಾಡುತ್ತೆ. ಒಂದೊಂದು ಗುಂಡಿಗೂ ಗಾಳಿ ಬಿಡದೆ, ನಿಧಾನಿಸಿ ನೋಡಿ ಬಿಡುತ್ತೆ. ಅಮೆರಿಕದ ರ‍್ಯಾಮ್ 1500 ಪಿಕಪ್ಪಿಗೆ 2013ರ ಮಾಡೆಲ್ಲಿನಿಂದ ನಾಲ್ಕೂ ಚಕ್ರಕ್ಕೆ ಇಂಥ ವ್ಯವಸ್ಥೆ ಸಿಗುವಂತಾಯ್ತು. ಅಲ್ಲಿಯ ರೈತರು ಪಿಕಪ್ಪಿನ ಹಿಂದೆಯೇ ಕುದುರೆ, ದನ, ಯಂತ್ರ ಎಲ್ಲ ಎಳೀತಾರೆ.

ನಮ್ಮ ಗ್ಯಾರೇಜಿನವರು ಹೇಳಿದ್ದು ಇಷ್ಟು ದೊಡ್ಡದಲ್ಲ. ಇರುವ ಪ್ಲೇಟಿನ ಜೊತೆಗೆ ಎರಡು ಸಣ್ಣ ಚೀಲ ಕೂರಿಸಿ, ಟೈರಿಗೆ ತುಂಬಿದ ಹಾಗೆ ಕೈಯಾರೆ ಗಾಳಿ ತುಂಬೋದು. ಅದು ತಾನಾಗಿ ಮಟ್ಟ ಮಾಡಲ್ಲ. ಹೊರೆ ಹೇರಿದಾಗ ತುಂಬಬೇಕು, ಇಳಿಸಿದಾಗ ತೆಗೀಬೇಕು. ಖಾಲಿ ಇದ್ದಾಗಲೂ ಸ್ವಲ್ಪ ಗಾಳಿ ಬಿಟ್ಟಿರಬೇಕು, ಇಲ್ಲಾಂದ್ರೆ ಚೀಲ ಮಡಿಸಿಕೊಂಡು ಹರಿಯುತ್ತೆ.

ಮೂಕಿಭಾರ, ಹಿಂಭಾರ

ಇಷ್ಟೆಲ್ಲ ಕೇಳಿದ ಮೇಲೆ ನನಗೊಂದು ಅನುಮಾನ ಬಂತು. ನಮ್ಮ ಟ್ರೇಲರ್ ಬಾಲ ಬಡಿದಿದ್ದು ಪಿಕಪ್ ಕೂತಿದ್ದಕ್ಕೋ, ಟ್ಯಾಂಕ್ ಹಿಂದಕ್ಕೆ ಸರಿಸಿದ್ದಕ್ಕೋ?

ಎತ್ತಿನ ಗಾಡಿ ಹೊಡೆದವರಿಗೆ ಉತ್ತರ ಗೊತ್ತಿದೆ. ಹೊರೆ ತೀರಾ ಮುಂದಾದರೆ ಮೂಕಿಭಾರ. ನೊಗ ಹೆಗಲ ಮೇಲೆ ಕೂತು ಎತ್ತು ಬಳಲುತ್ತೆ. ಹೊರೆ ಹಿಂದಾದರೆ ಹಿಂಭಾರ. ಮೂಕಿ ಮೇಲೆದ್ದು ಕೊರಳ ಹಗ್ಗ ಎತ್ತಿನ ಗಂಟಲು ಹಿಡಿಯುತ್ತೆ. ಎರಡರ ನಡುವೆ, ನೊಗ ಹೆಗಲ ಮೇಲೆ ಹದವಾಗಿ ಕೂರುವಷ್ಟು ಮೂಕಿಭಾರ ಇರಬೇಕು. ನಮ್ಮಪ್ಪ ಹುಲ್ಲು ಹೇರಿ ಮುಗಿದ ಮೇಲೆ ಮೂಕಿಯನ್ನು ಒಂದು ಸಲ ಕೈಯಲ್ಲಿ ಎತ್ತಿ ನೋಡದೆ ಎತ್ತು ಹೂಡ್ತಿರಲಿಲ್ಲ.

ಎರಡು ಚಕ್ರದ ಟ್ರೇಲರಿಗೂ ಇದೇ ನ್ಯಾಯ. ಪಿಕಪ್ಪಿನಂಥ ಗಾಡಿ ಎಳೆಯುವಾಗ ಟ್ರೇಲರಿನ ಒಟ್ಟು ತೂಕದಲ್ಲಿ ಸುಮಾರು ಹತ್ತರಲ್ಲೊಂದು ಪಾಲು, ಅಂದರೆ ನೂರಕ್ಕೆ 10ರಿಂದ 15, ಹುಕ್ಕಿನ ಮೇಲೆ ಇರಬೇಕು ಅನ್ನೋದು ಎಳೆಯುವವರ ಲೆಕ್ಕ. ಕಡಿಮೆಯಾದರೆ ವೇಗದಲ್ಲಿ ಬಾಲ ಬಡಿಯುತ್ತೆ. ನಾವು ಪಿಕಪ್ ಕೂತಿದ್ದಕ್ಕೆ ಮದ್ದು ಮಾಡಲು ಹೋಗಿ ಹಿಂಭಾರದ ರೋಗ ತಂದುಕೊಂಡಿದ್ದೆವು. ಟಿ. ನರಸೀಪುರದ ಆ ರೈತರು ಅದೇ ಟ್ರೇಲರಿನಲ್ಲಿ ಮಟ್ಟಸ ರಸ್ತೆಯಲ್ಲಿ ಭತ್ತದ ಮೂಟೆಗಳನ್ನು ಮುಂದಿನಿಂದ ಜೋಡಿಸಿ ಸಾಗಿಸ್ತಿದ್ದರಂತೆ. ಅವರಿಗೆ ಏನೂ ಆಗಿರಲಿಲ್ಲ. ತಪ್ಪು ಟ್ರೇಲರಿನದಲ್ಲ.

ತೂಗಿ ನೋಡಿದ ಲೆಕ್ಕ

ಹೊಸ ಟ್ಯಾಂಕ್ ತಂದ ಮೇಲೆ ಮೂಟೆ ತೂಗುವ ತಕ್ಕಡಿ ತಂದು ಪರೀಕ್ಷೆ ಮಾಡಿದೆವು. ಟ್ರೇಲರನ್ನು ಮಟ್ಟಸ ನೆಲದಲ್ಲಿ ನಿಲ್ಲಿಸಿ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟೆವು. ತಕ್ಕಡಿಯ ಮೇಲೆ ಮರದ ದಿಮ್ಮಿ ಇಟ್ಟು, ಪಿಕಪ್ಪಿನ ಹುಕ್ಕು ಎಷ್ಟು ಎತ್ತರವೋ ಅಷ್ಟೇ ಎತ್ತರಕ್ಕೆ ಮೂಕಿ ಕೂರಿಸಿದೆವು. ಎತ್ತರ ಬದಲಾದರೆ ತೂಕವೂ ಬದಲಾಗುತ್ತೆ.

ಹಳೇ ಜಾಗದಲ್ಲಿ ಟ್ಯಾಂಕ್ ಇಟ್ಟು ನೀರು ತುಂಬಿದರೆ ಮೂಕಿಯ ಮೇಲೆ ಬರೀ 10 ಕೆಜಿ. ನೀರು 1000 ಕೆಜಿ, ಟ್ರೇಲರ್ 300 ಕೆಜಿ, ಒಟ್ಟು 1300. ಕಡಿಮೆ ಅಂದ್ರೂ 130 ಬೇಕಿತ್ತು. ನಮ್ಮ ಟ್ರೇಲರಿನ ಅಚ್ಚಿನಿಂದ ಹುಕ್ಕಿಗೆ ಎಂಟಡಿ. ಹಾಗಾಗಿ 1000 ಕೆಜಿ ಹೊರೆಯನ್ನು ಒಂದಡಿ ಮುಂದಕ್ಕೆ ತಂದರೆ ಎಂಟರಲ್ಲೊಂದು ಪಾಲು, ಅಂದರೆ 125 ಕೆಜಿ ಮೂಕಿಗೆ ಬರುತ್ತೆ. ಒಂದು ಇಂಚಿಗೆ ಹತ್ತು ಕೆಜಿ ಅಂತ ನೆನಪಿಟ್ಟುಕೊಂಡೆ. ನೀರು ಖಾಲಿ ಮಾಡಿ ಟ್ಯಾಂಕನ್ನು ಒಂದಡಿ ಮುಂದೆ ಕೂರಿಸಿ, ಸರಿಯದ ಹಾಗೆ ಕಬ್ಬಿಣದ ಪಟ್ಟಿ ಹಾಕಿಸಿದೆವು. ತುಂಬಿ ತೂಗಿದರೆ 135.

ಹುಕ್ಕಿಗೆ 135 ಕೆಜಿ ಬಿದ್ದರೆ ಪಿಕಪ್ಪಿಗೆ ಏನಾಗುತ್ತೆ? ಇದು ಏತದ ಲೆಕ್ಕ. ನಮ್ಮ ಪಿಕಪ್ಪಿನ ಹಿಂದಿನ ಅಚ್ಚಿನಿಂದ ಹುಕ್ಕು ನಾಲ್ಕಡಿ ಹಿಂದಿದೆ, ಮುಂದಿನ ಅಚ್ಚು ಹತ್ತಡಿ ಮುಂದಿದೆ. ಹಿಂದೆ 135 ಕೆಜಿ ಒತ್ತಿದರೆ ಮುಂದಿನ ಚಕ್ರಗಳ ಮೇಲಿನ ಭಾರ 54 ಕೆಜಿ ಕಡಿಮೆಯಾಗುತ್ತೆ. ಹಿಂದಿನ ಅಚ್ಚಿಗೆ 189 ಕೆಜಿ ಸೇರುತ್ತೆ. ಮುಂದಿನ ಚಕ್ರ ಹಗುರಾದಷ್ಟೂ ಸ್ಟೇರಿಂಗು, ಬ್ರೇಕು ಹಿಡಿತ ಕಳೆದುಕೊಳ್ಳುತ್ತವೆ.

ಈಗ ಗಾಳಿಚೀಲಕ್ಕೆ ಬನ್ನಿ. ಚೀಲ ಹಿಂಭಾಗವನ್ನು ಎತ್ತಿ ಮಟ್ಟ ಮಾಡುತ್ತೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯೋದು ತಪ್ಪುತ್ತೆ, ಗುಂಡಿಗೆ ಇಳಿದಾಗ ಚಾಸಿ ಬಡಿಯೋದು ತಪ್ಪುತ್ತೆ. ಇವೆಲ್ಲ ಲಾಭವೇ. ಆದರೆ ಆ 54 ಕೆಜಿ ಮುಂದಕ್ಕೆ ವಾಪಸ್ ಬರಲ್ಲ. ಆ 189 ಕೆಜಿ ಹಿಂದಿನ ಅಚ್ಚು, ಬೇರಿಂಗು, ಟೈರಿನ ಮೇಲೆ ಹಾಗೇ ಇರುತ್ತೆ. ಅದಕ್ಕಿಂತ ಮುಖ್ಯ, ಪ್ಲೇಟಿನ ಗಾಡಿ ಕೂತು "ಭಾರ ಜಾಸ್ತಿಯಾಯ್ತು ಕಣಪ್ಪ" ಅಂತ ತಾನೇ ಹೇಳುತ್ತೆ. ತಾನಾಗಿ ಮಟ್ಟ ಆಗುವ ಗಾಡಿ ಆ ಮಾತು ಹೇಳೋದೇ ಇಲ್ಲ. ಬೆನ್ನು ನೆಟ್ಟಗಿದೆ ಅಂತ ನಾವು ಇನ್ನೂ ನಾಲ್ಕು ಮೂಟೆ ಹೇರ್ತೀವಿ.

ಇನ್ನೊಂದು ಮೋಸವೂ ಇದೆ. ಚೀಲಕ್ಕೆ ಗಾಳಿ ಜಾಸ್ತಿ ತುಂಬಿದರೆ ಹುಕ್ಕು ಮೇಲೇಳುತ್ತೆ, ಟ್ರೇಲರಿನ ಮೂಕಿಯೂ ಏಳುತ್ತೆ. ಎತ್ತರದ ಹೊರೆಯ ಭಾರ ಹಿಂದಕ್ಕೆ ವಾಲುತ್ತೆ. ಅರ್ಧ ಟ್ಯಾಂಕ್ ನೀರಿದ್ದರಂತೂ ನೀರೇ ಹಿಂದಕ್ಕೆ ಓಡುತ್ತೆ. ಮತ್ತೆ ಹಿಂಭಾರ!

ನಾವೀಗ ಪಾಲಿಸುವ ಕ್ರಮ

1. ಮೊದಲು ಗಾಡಿಯ ಪುಸ್ತಕ ನೋಡುತ್ತೇವೆ. ಟ್ರೇಲರ್ ಎಳೆಯಲು ಅನುಮತಿ ಇದೆಯೇ, ಎಷ್ಟು ತೂಕ ಅಂತ. ಹುಕ್ಕಿನ ಭಾರವನ್ನೂ ಬಾಡಿಯ ಹೊರೆಯ ಲೆಕ್ಕಕ್ಕೇ ಸೇರಿಸಬೇಕು. 1.3 ಟನ್ ಗಾಡಿಗೆ ಹುಕ್ಕಿನ ಮೇಲೆ 135 ಕೆಜಿ ಇದ್ದರೆ ಬಾಡಿಗೆ ಅಷ್ಟು ಕಡಿಮೆ ಹೇರಬೇಕು.

2. ಬಾಡಿಯ ಹೊರೆ ಹಿಂಬಾಗಿಲಿಗಲ್ಲ, ಕ್ಯಾಬಿನ್ ಕಡೆಗೆ. ನಮ್ಮ ಪಿಕಪ್ ಕೂತಿದ್ದಕ್ಕೆ ದೊಡ್ಡ ಕಾರಣ ಆ ನಾಲ್ಕು ಡ್ರಮ್ಮು. ಅವನ್ನು ಮುಂದಕ್ಕೆ ಸರಿಸಿದ ಮೇಲೆ ಕೂರೋದು ಮುಕ್ಕಾಲು ಪಾಲು ನಿಂತಿತು, ಕಾಸು ಖರ್ಚಿಲ್ಲದೆ.

3. ಖಾಲಿ ಇದ್ದಾಗ ನಾಲ್ಕೂ ಚಕ್ರದ ಮೇಲಿನ ಮಡ್‌ಗಾರ್ಡ್ ಅಂಚು ನೆಲದಿಂದ ಎಷ್ಟು ಎತ್ತರ ಅಂತ ಅಳೆದು ಬಾಗಿಲ ಒಳಗೆ ಬರೆದಿಟ್ಟಿದ್ದೇವೆ. ಹೇರಿದ ಮೇಲೆ ಮತ್ತೆ ಅಳೀತೇವೆ. ಮುಂಭಾಗ ಎದ್ದಿದ್ದರೆ ಹೊರಡೋದಿಲ್ಲ.

4. ಟ್ಯಾಂಕ್ ಪೂರ್ತಿ ತುಂಬಿ ಒಯ್ಯೋದು, ಪೂರ್ತಿ ಖಾಲಿ ಮಾಡಿ ವಾಪಸ್ ತರೋದು. ಅರ್ಧ ನೀರು ಅಲ್ಲಾಡುತ್ತೆ. ಒಳಗೆ ತಡೆ ಹಲಗೆ ಇರುವ ಟ್ಯಾಂಕ್ ಸಿಕ್ಕರೆ ಒಳ್ಳೇದು.

5. ಹುಕ್ಕಿನ ಜೊತೆ ಗಟ್ಟಿ ಸರಪಳಿ, ಹಿಂದೆ ಕೆಂಪು ದೀಪ, ರಿಫ್ಲೆಕ್ಟರ್. ಟ್ರೇಲರಿಗೂ ಬೇರೆ ನೋಂದಣಿ ಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಹೆಚ್ಚು ಹೊರೆಗೆ 20,000 ರೂಪಾಯಿ, ಮೇಲಿನ ಒಂದೊಂದು ಟನ್ನಿಗೆ ಇನ್ನೂ 2,000 ದಂಡ ಅಂತ ಬರೆದಿದೆ. ನಮ್ಮ ಒಂದು ಬೆಳೆಯ ಲಾಭವೇ ಹೋಯ್ತು.

6. ಬಾಲ ಬಡಿಯೋಕೆ ಶುರುವಾದರೆ ಬ್ರೇಕ್ ಒತ್ತಿ ತುಳಿಯಬಾರದು. ಆಕ್ಸಿಲರೇಟರ್ ಬಿಟ್ಟು, ಸ್ಟೇರಿಂಗ್ ನೆಟ್ಟಗೆ ಹಿಡಿದು ತಾನಾಗಿ ನಿಧಾನಿಸಲು ಬಿಡಬೇಕು. ನಿಂತ ಮೇಲೆ ಹೊರೆ ಸರಿ ಮಾಡದೆ ಮುಂದಕ್ಕೆ ಹೋಗಬಾರದು.

ತಾನಾಗಿ ಮಟ್ಟ ಆಗುವ ಗಾಡಿ ಯಾರ ಹತ್ತಿರವಾದರೂ ಇದ್ದರೆ ಎರಡು ಮಾತು. ಟ್ರೇಲರ್ ಹೂಡಿದ ಮೇಲೆ ಇಂಜಿನ್ ಚಾಲೂ ಇಟ್ಟು, ಮಟ್ಟ ಆಗೋವರೆಗೂ ಕಾದು, ಆಮೇಲೆ ಹೊರಡಿ. ಟೈರು ಬದಲಿಸಲು ಜಾಕ್ ಕೊಡುವಾಗ ಪುಸ್ತಕದಲ್ಲಿ ಹೇಳಿದಂತೆ ಆ ವ್ಯವಸ್ಥೆಯನ್ನು ಬಂದ್ ಮಾಡಿ. ಇಲ್ಲದಿದ್ದರೆ ಗಾಡಿ ತಾನಾಗಿ ಏರಿಳಿದು ಕೈಕಾಲಿಗೆ ಅಪಾಯ.

ಗಾಳಿಚೀಲ ನಾವು ಹಾಕಿಸಲಿಲ್ಲ. ಅದು ಕೆಟ್ಟದ್ದು ಅಂತಲ್ಲ. ದಿನಾ ಮಿತಿಯೊಳಗೆ ಭಾರ ಹೇರಿ ದೂರ ಓಡುವವರಿಗೆ ಬೇಕಾಗಬಹುದು. ನಮಗೆ ಬೇಕಾಗಿದ್ದು ಒಂದಡಿ ಜಾಗ ಅಷ್ಟೇ. ಆ ಬೇಸಿಗೆಯಲ್ಲಿ 60 ಸಸಿಯಲ್ಲಿ 52 ಉಳಿದವು. ಈಗಲೂ ತಮ್ಮನ ಮಗ ಟ್ರೇಲರ್ ಹೂಡುವ ಮೊದಲು ಮೂಕಿಯನ್ನು ಒಂದು ಸಲ ಎತ್ತಿ ನೋಡುತ್ತಾನೆ. ಸಲೀಸಾಗಿ ಒಂದೇ ಕೈಯಲ್ಲಿ ಎದ್ದರೆ, "ದೊಡ್ಡಪ್ಪ, ಹಿಂಭಾರ" ಅಂತ ಕೂಗುತ್ತಾನೆ.