ಯಂತ್ರವೂ ನಿಯಂತ್ರಣವೂ

ಆಂಡರ್ಸನ್‌ಪೇಟೆಯ ನೆರೆಯಲ್ಲಿ ಹಬ್ಬಿರುವ ಸೈನೈಡ್ ದಿಬ್ಬಗಳು ಭೂಗರ್ಭದಿಂದ ಮೇಲೆತ್ತಿ ಪುಡಿಮಾಡಿದ ಶಿಲೆಯ ರಾಶಿಗಳೆಂಬುದು ಅಲ್ಲಿನ ಬಾಲಕರಿಗೂ ವಿದಿತವೇ. ಆದರೆ ಆ ಶಿಲೆಯನ್ನೂ ಅದನ್ನು ಒಡೆದ ಕಾರ್ಮಿಕರನ್ನೂ ಅಷ್ಟು ಆಳದಿಂದ ಮೇಲಕ್ಕೆ ತಂದ ಬಗೆಯನ್ನು ವಿಚಾರಿಸುವವರು ವಿರಳ. ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಮಿಗಿಲು.

ಕಾವೇರಿಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯಲ್ಲಿ ಹರಿದು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ, ಅಂದರೆ ಗಣಿಯ ತರುವಾಯ. ಶಕ್ತಿಯೇನೋ ದೊರೆಯಿತು, ಅದನ್ನು ಅಂಕೆಯಲ್ಲಿಡುವುದು ಬೇರೊಂದು ವಿದ್ಯೆ. ‘ಯಂತ್ರ’, ‘ನಿಯಂತ್ರಣ’ ಎಂಬೆರಡೂ ಒಂದೇ ಮೂಲದ ಶಬ್ದಗಳು. ಬಿಗಿಹಿಡಿಯುವುದೇ ಅವುಗಳ ಮೂಲಾರ್ಥ. ಓಡುವುದಕ್ಕಿಂತ ತಡೆಯುವುದೇ ಯಂತ್ರದ ಲಕ್ಷಣವೆಂದು ಪ್ರಾಚೀನರು ಬಗೆದಂತಿದೆ!

ಕೇಜನ್ನು ಎತ್ತಿಳಿಸುವ ವೈಂಡರ್ ಯಂತ್ರದಲ್ಲಿ ಈ ಮಾತು ಅಕ್ಷರಶಃ ನಿಜ. ಉಕ್ಕಿನ ಹಗ್ಗ ಬಿಚ್ಚಿದಷ್ಟೂ ಹಗ್ಗದ ಭಾರವೇ ಬೆಳೆಯುತ್ತದೆ; ಆದುದರಿಂದ ತಳದಿಂದ ಹೊರಡುವಾಗ ಅತಿಶಯವಾದ ಬಲ ಬೇಕು. ಮೇಲೆ ಸಮೀಪಿಸಿದಾಗ ವೇಗವನ್ನು ಕ್ರಮವಾಗಿ ಇಳಿಸಬೇಕು. ಕ್ಷಣಕಾಲ ಮೈಮರೆತರೂ ಕೇಜು ಗಣಿಯ ಬಾಯಿಯ ಮೇಲಿನ ಉಕ್ಕಿನ ಗೋಪುರಕ್ಕೆ ಬಡಿದೀತು. ಒಳಗಿರುವುದು ಮನುಷ್ಯರ ಪ್ರಾಣ. ಯಂತ್ರ ನಡೆಸುವವನಿಗೆ ಅವರ ಮುಖ ಕಾಣದು. ಗಂಟೆಯ ಸಂಕೇತ, ಆಳ ತೋರಿಸುವ ಮುಳ್ಳು, ಇವೇ ಅವನ ಕಿವಿ ಕಣ್ಣುಗಳು. ಇದಕ್ಕಿಂತ ಕಠಿಣವಾದ ಕಾಯಕ ಬೇರೆ ಇದ್ದೀತೆ?

ಇಂತಹ ಭಾರಿ ಮೋಟಾರನ್ನು ಅಂಕೆಗೆ ತರಲು ವಾರ್ಡ್ ಲಿಯೊನಾರ್ಡ್ ಎಂಬ ಅಮೆರಿಕದ ಎಂಜಿನಿಯರನು 1890ರ ದಶಕದಲ್ಲಿ ಒಂದು ಉಪಾಯ ಕಂಡುಹಿಡಿದನು. ಒಂದು ಮೋಟಾರು ಒಂದೇ ವೇಗದಲ್ಲಿ ತಿರುಗುತ್ತ ಜನರೇಟರನ್ನು ತಿರುಗಿಸುತ್ತದೆ. ಆ ಜನರೇಟರು ಕೊಡುವ ಏಕಮುಖ ವಿದ್ಯುತ್ತಿನಿಂದ ಹಗ್ಗ ಸುತ್ತುವ ಮೋಟಾರು ನಡೆಯುತ್ತದೆ. ಜನರೇಟರಿನ ಕಾಂತಸುರುಳಿಗೆ ಹೋಗುವ ಅಲ್ಪವಾದ ಪ್ರವಾಹವನ್ನು ಹೆಚ್ಚುಕಡಮೆ ಮಾಡಿದರೆ ಸಾಕು, ವೇಗವೂ ಅದರಂತೆ ಬದಲಾಗುತ್ತದೆ. ಪ್ರವಾಹದ ದಿಕ್ಕನ್ನು ತಿರುಗಿಸಿದರೆ ಮೋಟಾರೂ ಹಿಮ್ಮುಖವಾಗುತ್ತದೆ. ಮಾವುತನ ಅಂಕುಶ ಚಿಕ್ಕದು, ಆನೆ ದೊಡ್ಡದು.

ಪರ್ಯಾಯ ಪ್ರವಾಹದ ಮೋಟಾರಿನ ವೇಗವಾದರೋ ಪ್ರವಾಹದ ಆವರ್ತಕ್ಕೆ ಕಟ್ಟುಬಿದ್ದುದು. ನಾಲ್ಕು ಧ್ರುವಗಳ ಮೋಟಾರಿನಲ್ಲಿ ಕಾಂತಕ್ಷೇತ್ರವು ಸೆಕೆಂಡಿಗೆ 50 ಆವರ್ತವಿದ್ದರೆ ನಿಮಿಷಕ್ಕೆ 1500 ಸುತ್ತು, 25 ಆವರ್ತವಿದ್ದರೆ 750 ಸುತ್ತು ತಿರುಗುತ್ತದೆ. ಶಿವನಸಮುದ್ರದ ಮೊದಲ ವಿದ್ಯುತ್ತು 25 ಆವರ್ತದ್ದು. ಇಂದಿನ ಕಾರ್ಖಾನೆಗಳಲ್ಲಿ ಆವರ್ತವನ್ನೇ ಬೇಕಾದಂತೆ ಮಾರ್ಪಡಿಸುವ ಡ್ರೈವ್‌ಗಳಿವೆ. ಯಾವಾಗ ಹೊರಡಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಮೊದಲೇ ಬರೆದಿಟ್ಟ ಆದೇಶದಂತೆ ಪಿ.ಎಲ್.ಸಿ. ಎಂಬ ಪುಟ್ಟ ಗಣಕ ನಿರ್ಧರಿಸುತ್ತದೆ.

ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಗಣಿ ಕೇಜುಗಳಿಗೆ ಅತ್ಯವಶ್ಯವಾದ ಒಂದು ತತ್ತ್ವ ಮಾತ್ರ ಎಲ್ಲೆಡೆ ಉಳಿದಿದೆ: ಬ್ರೇಕು ವಿದ್ಯುತ್ತಿನಿಂದ ಹಿಡಿಯುವುದಲ್ಲ, ವಿದ್ಯುತ್ತಿನಿಂದ ಬಿಡುವುದು. ಬೆಂಗಳೂರಿನ ಬಹುಮಹಡಿ ಕಟ್ಟಡದ ಲಿಫ್ಟಿನಲ್ಲಿ ವಿದ್ಯುತ್ತು ಹೋದೊಡನೆ ಸ್ಪ್ರಿಂಗು ತಾನಾಗಿಯೇ ಬ್ರೇಕನ್ನು ಬಿಗಿಯುತ್ತದೆ. ಲಿಫ್ಟು ಇದ್ದಲ್ಲಿಯೇ ನಿಲ್ಲುತ್ತದೆ.